ಚೌಕಾಬಾರ, ಚೆನ್ನೆಮಣೆ: ಆಟದ ಮಾತನ್ನು ಪುಸ್ತಕಕ್ಕೂ ಫೋನಿಗೂ ಇಳಿಸುವುದು ಹೇಗೆ?

ಪ್ರಶ್ನೆ: ಟೀಚರ್, ಹೊಸನಗರ

ಎಲ್ಲರಿಗೂ ನಮಸ್ಕಾರ. ಹೊಸನಗರ ತಾಲೂಕಿನ ಒಂದು ಸರ್ಕಾರಿ ಶಾಲೆಯ ಮಕ್ಕಳಿಗಾಗಿ ಮಳೆಗಾಲದಲ್ಲಿ ಕೂತು ಆಡುವ ಆಟಗಳ ಪುಟ್ಟ ಪುಸ್ತಕ ತಯಾರಾಗುತ್ತಿದೆ. 24 ಪುಟ, ಮೂರು ಆಟ: ಕವಡೆ ಹಾಕಿ 25 ಚೌಕದಲ್ಲಿ ಕಾಯಿ ನಡೆಸುವ ಚೌಕಾಬಾರ, ಕುಳಿಗಳಿಗೆ ಕಾಳು ಬಿಡುತ್ತ ಹೋಗುವ ಚೆನ್ನೆಮಣೆ, ಹುಲಿ-ಕುರಿ. ಜೊತೆಗೆ ಫೋನಿನಲ್ಲಿ ಆಡುವಂಥ ಚೌಕಾಬಾರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನಕ್ಕೆ ಕಾಲಿಡುವ ಹಾಗಿಲ್ಲದ ಊರು, ಹಾಗಾಗಿ ಇದು ಖಂಡಿತ ಉಪಯೋಗಕ್ಕೆ ಬರುತ್ತದೆ.

ತೊಡಕು ಬಂದಿರುವುದು ಭಾಷೆಯಲ್ಲಿ. ಫೋನಿನ ಆಟ ಮಾಡುತ್ತಿರುವವರು ನಿಯಮಗಳನ್ನು ಮೊದಲು ಇಂಗ್ಲಿಷಿನಲ್ಲಿ ಬರೆದುಕೊಂಡರು, ಆಮೇಲೆ ಅದನ್ನು ಕನ್ನಡಕ್ಕೆ ತಂದೆವು. ಓದಿದರೆ ಇಲಾಖೆಯ ಸುತ್ತೋಲೆ ಓದಿದ ಹಾಗಿದೆ. "ಆಟಗಾರನು ತನ್ನ ಸರದಿಯಲ್ಲಿ ದಾಳವನ್ನು ಉರುಳಿಸಬೇಕು. ಎಲ್ಲ ಕಾಯಿಗಳೂ ಮನೆ ತಲುಪಿದ ಆಟಗಾರನು ವಿಜೇತನಾಗುತ್ತಾನೆ." ಇದನ್ನು ಕೇಳಿದ ಮಕ್ಕಳು "ಟೀಚರ್, ಯಾವ ಮನೆ?" ಅಂತ ಕೇಳುತ್ತಾರೆ.

ಒಂದೊಂದು ಊರಲ್ಲಿ ಒಂದೊಂದು ಪದ, ಯಾವುದನ್ನು ಅಚ್ಚು ಹಾಕಿಸುವುದು? ಆಟದೊಳಗೆ ನೀನು ಅನ್ನಬೇಕೋ ನೀವು ಅನ್ನಬೇಕೋ? ಮಕ್ಕಳಲ್ಲಿ ಮನೆಯಲ್ಲಿ ಉರ್ದು, ಕೊಂಕಣಿ, ತುಳು, ಲಂಬಾಣಿ ಆಡುವವರೂ ಇದ್ದಾರೆ, ಅವರಿಗೆ ಏನು ಮಾಡುವುದು? ಇನ್ನು ಫೋನಿನಲ್ಲಿ ಒತ್ತಕ್ಷರಗಳು ಒಡೆದು ಕಾಣುತ್ತವೆ. ಗರವೂ, ಅಂದರೆ ಕವಡೆ ಹಾಕಿದಾಗ ಬೀಳುವ ಎಣಿಕೆಯೂ, ಎಲ್ಲೋ ಸರಿಯಿಲ್ಲ, ನಾಲ್ಕು ಮತ್ತು ಎಂಟು ವಿಪರೀತ ಬೀಳುತ್ತವೆ, ಒಬ್ಬರೇ ಆಡುತ್ತ ಕೂರುತ್ತಾರೆ. ಬಲ್ಲವರು ದಯವಿಟ್ಟು ಬಿಡಿಸಿ ಹೇಳಿ.

ಉತ್ತರ 1: ಜಗಲಿ, ತೀರ್ಥಹಳ್ಳಿ

ಟೀಚರ್, ನಿಮ್ಮ ಮಕ್ಕಳು ಕೇಳಿದ ಪ್ರಶ್ನೆಯಲ್ಲೇ ಉತ್ತರ ಇದೆ. ಚೌಕಾಬಾರದಲ್ಲಿ ಪ್ರತಿಯೊಂದು ಚೌಕವೂ ಮನೆ. ಇಂಗ್ಲಿಷಿನ "ಹೋಮ್" ಅನ್ನುವುದನ್ನು ಮನೆ ಅಂತ ಇಳಿಸಿದ ಕೂಡಲೇ 25 ಮನೆಗಳಲ್ಲಿ ಯಾವುದು ಅನ್ನುವ ಗೊಂದಲ ಹುಟ್ಟುತ್ತದೆ. ನಮ್ಮಲ್ಲಿ ಕಾಯಿ ಮನೆ ತಲುಪುವುದಿಲ್ಲ, ಹಣ್ಣಾಗುತ್ತದೆ. ನಡುಮನೆಗೆ ಹೋದ ಕಾಯಿ ಹಣ್ಣು. "ನಂದು ಎರಡು ಹಣ್ಣಾತು, ಇನ್ನೆರಡು ಕಾಯಿ" ಅಂದರೆ ಪಂದ್ಯದ ಸ್ಥಿತಿ ಪೂರ್ತಿ ಹೇಳಿದಂತೆ. ಕಾಯಿ ಅನ್ನುವ ಪದವನ್ನು ಆರಿಸಿಕೊಂಡಾಗಲೇ ಭಾಷೆ ಅದರ ಕೊನೆಯನ್ನೂ ಗೊತ್ತುಮಾಡಿಬಿಟ್ಟಿದೆ. ತೆಲುಗರ ಅಷ್ಟಾಚಮ್ಮದಲ್ಲೂ ಕಾಯಿ ಪಂಡಾಗುತ್ತದೆ, ತಮಿಳರ ದಾಯಕಟ್ಟೆಯಲ್ಲೂ ಪಳಮ್ ಆಗುತ್ತದೆ. ಇಷ್ಟು ಗಟ್ಟಿಯಾದ ಪದವನ್ನು ಬಿಟ್ಟು "ಗುರಿ ತಲುಪಿತು" ಅಂತ ಬರೆಯುವುದು ಬೇಡವೇ ಬೇಡ.

ಇದೇ ಥರ ನಿಮ್ಮ ಕರಡಿನ ಉಳಿದ ಪದಗಳನ್ನೂ ನೋಡಿ. ದಾಳ ಬೇಡ, ಅದು ಪಗಡೆಯದ್ದು. ಇಲ್ಲಿರುವುದು ಕವಡೆ. ಕವಡೆ ಹಾಕಿದಾಗ ಬೀಳುವುದು ಗರ. ಎಸೆಯುವ ವಸ್ತುವಿಗೆ ಒಂದು ಪದ, ಬಿದ್ದ ಎಣಿಕೆಗೆ ಇನ್ನೊಂದು ಪದ ಇರುವುದು ನಿಯಮ ಬರೆಯುವವರಿಗೆ ವರ. "ಗರ ಬಿದ್ದಷ್ಟು ನಡೆಸು" ಅಂದರೆ ಮೂರೇ ಮಾತಲ್ಲಿ ಮುಗಿಯಿತು. ಸರದಿ ಅನ್ನುವುದು ರೇಷನ್ ಅಂಗಡಿಯ ಸಾಲಿಗೆ ಸರಿ, ಆಟದಲ್ಲಿ "ಆಟ ಯಾರ್ದು?", "ಈಗ ನಿಂದು". ಎದುರಾಳಿಯ ಕಾಯನ್ನು ಕೊಲ್ಲುವುದಿಲ್ಲ, ಕಡಿಯುತ್ತಾರೆ ಅಥವಾ ಹೊಡೆಯುತ್ತಾರೆ. ಅಡ್ಡ ಗೆರೆ ಹಾಕಿದ ಮನೆ ಕಟ್ಟೆ, ಅಲ್ಲಿ ಕೂತವರನ್ನು ಯಾರೂ ಮುಟ್ಟುವ ಹಾಗಿಲ್ಲ. ಅರಳಿಕಟ್ಟೆ, ಜಗಲಿಕಟ್ಟೆ ಕಂಡ ಮಗುವಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ.

ಒಂದು ಎಚ್ಚರಿಕೆ: ಚೌಕಾಬಾರದಲ್ಲಿ ಚೌಕ ಅಂದರೆ 4, ಬಾರ ಅಂದರೆ 8. ಹಿಂದಿ, ಉರ್ದು ಬಲ್ಲ ಮಕ್ಕಳು ಬಾರ ಅಂದ ಕೂಡಲೇ 12 ಮನೆ ಎಣಿಸುತ್ತಾರೆ. ಪುಸ್ತಕದ ಮೊದಲ ಪುಟದಲ್ಲೇ ದೊಡ್ಡದಾಗಿ ಬರೆದುಬಿಡಿ.

ಈಗ ಪದಗಳನ್ನು ಕಲೆಹಾಕುವ ಬಗ್ಗೆ. ಹಿರಿಯರ ಹತ್ತಿರ ಹೋಗಿ "ಈ ಆಟದ ನಿಯಮ ಏನು?" ಅಂತ ಕೇಳಬೇಡಿ. ಹಾಗೆ ಕೇಳಿದರೆ ಅವರೂ ನಿಮ್ಮ ಪುಸ್ತಕದ ಕನ್ನಡಕ್ಕೆ ಹೊರಳಿಕೊಳ್ಳುತ್ತಾರೆ, "ಆಟಗಾರರು" ಅನ್ನಲು ಶುರುಮಾಡುತ್ತಾರೆ. ಮಣೆ ಹಾಸಿ, ಇಬ್ಬರನ್ನು ಆಡಲು ಕೂರಿಸಿ, ಒಪ್ಪಿಗೆ ಪಡೆದು ಫೋನನ್ನು ಒಂದಡಿ ದೂರದಲ್ಲಿಟ್ಟು ರೆಕಾರ್ಡ್ ಮಾಡಿ. ಶೀಟಿನ ಮಾಡಿನ ಕೆಳಗೆ ಬೇಡ, ಮಳೆ ಸದ್ದಿಗೆ ಒಂದಕ್ಷರವೂ ಕೇಳುವುದಿಲ್ಲ, ಮನೆಯ ನಡುಕೋಣೆಯೊಳಗೆ ಕೂರಿಸಿ. ಮೊದಲ ಆಟದಲ್ಲಿ ಸಂಕೋಚ ಇರುತ್ತದೆ. ಎರಡನೆಯದರಲ್ಲಿ ಕಾಯಿ ಕಡಿಯುವ ಹೊತ್ತಿಗೆ ನಿಜವಾದ ಮಾತು ಹೊರಬೀಳುತ್ತದೆ. ಹಾಗಾಗಿ ಕಡಿಮೆಯೆಂದರೆ ಮೂರು ಆಟ ಪೂರ್ತಿ ಬೇಕು. ಜಗಳ ಆದರೆ ನಿಲ್ಲಿಸಬೇಡಿ. ಬಾಯಿಮಾತಿನ ನಿಯಮಗಳು ಪೂರ್ತಿಯಾಗಿ ಹೊರಗೆ ಬರುವುದು ತಕರಾರಿನಲ್ಲೇ: "ಕಡೀದೆ ಒಳಗೆ ಹ್ಯಾಗೆ ಹೋಗ್ತೀಯ?" ಅನ್ನುವ ಒಂದು ಕೂಗಿನಲ್ಲಿ, ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಪ್ರವೇಶವಿಲ್ಲ ಅನ್ನುವ ಕಟ್ಟಳೆ ಇಡಿಯಾಗಿ ಇದೆ.

ಕೇಳಿದ್ದನ್ನು ಬರೆದುಕೊಳ್ಳಲು ನಾಲ್ಕು ಕಾಲಂ ಸಾಕು. ಹೇಳಿದ ಹಾಗೇ ಆ ಪದ, ತಿದ್ದಬೇಡಿ. ಯಾವ ಊರು, ಮನೆಮಾತು ಯಾವುದು. ಯಾವ ಗಳಿಗೆಯಲ್ಲಿ ಅಂದರು. ಅಂದಾಗ ಆಟದಲ್ಲಿ ಏನು ಬದಲಾಯಿತು. ಕೊನೆಯ ಕಾಲಂ ಮುಖ್ಯ. ಏನೂ ಬದಲಾಗದಿದ್ದರೆ ಅದು ಮಾತಿನ ಸೊಗಸು. ಬದಲಾದರೆ ಅದು ನಿಯಮ. "ಆಟಕ್ಕುಂಟು ಲೆಕ್ಕಕ್ಕಿಲ್ಲ" ಈಗ ಗಾದೆಯಾಗಿ ರಾಜಕೀಯದ ಸುದ್ದಿಯಲ್ಲೆಲ್ಲ ಓಡಾಡುತ್ತಿದೆ, ಆದರೆ ಮೂಲದಲ್ಲಿ ಅದು ಕಟ್ಟಳೆಯೇ: ತೀರಾ ಚಿಕ್ಕ ಮಗುವನ್ನು ಆಟಕ್ಕೆ ಸೇರಿಸಿಕೊಳ್ಳಬೇಕು, ಅದರ ಸೋಲು ಗೆಲುವು ಎಣಿಸಬಾರದು. ನಿಮ್ಮ ಫೋನಿನ ಆಟದಲ್ಲಿ ತಂಗಿ ತಮ್ಮಂದಿರಿಗಾಗಿ ಈ ಹೆಸರಿನದೇ ಒಂದು ಆಯ್ಕೆ ಇಡಿ. ಅವರ ಕಾಯಿ ನಡೆಯುತ್ತದೆ, ಯಾರೂ ಕಡಿಯುವ ಹಾಗಿಲ್ಲ, ಅದೂ ಯಾರನ್ನೂ ಕಡಿಯುವುದಿಲ್ಲ.

ನೀನು, ನೀವು ಬಗ್ಗೆ: ಆಟದೊಳಗೆ ಏಕವಚನವೇ ಸರಿ. ಮಣೆಯ ಮುಂದೆ ಅಜ್ಜಿ ಮೊಮ್ಮಗಳು ಸಮ. ಪುಸ್ತಕದ ಮುನ್ನುಡಿಯಲ್ಲಿ, ಪಾಲಕರಿಗೆ ಬರೆದ ಸೂಚನೆಯಲ್ಲಿ ನೀವು ಇರಲಿ.

ಇಷ್ಟೆಲ್ಲ ಹೇಳುವುದಕ್ಕೆ ಕಾರಣ, ಕನ್ನಡದಲ್ಲಿ ಆಟಕ್ಕೂ ಮಾತಿಗೂ ಕ್ರಿಯಾಪದ ಒಂದೇ. ಚೌಕಾಬಾರ ಆಡುತ್ತೇವೆ, ಮಾತನ್ನೂ ಆಡುತ್ತೇವೆ. ದಿನಬಳಕೆಯ ಕನ್ನಡಕ್ಕೆ ಆಡುಮಾತು ಅಂತಲೇ ಹೆಸರು. ನಮ್ಮ ಕಡೆ ಯಕ್ಷಗಾನಕ್ಕೆ ಹೋಗುವವರು "ಆಟಕ್ಕೆ ಹೋಗ್ತೀವಿ" ಅನ್ನುತ್ತಾರೆ. ವೀಣೆಯನ್ನು ಮಾತ್ರ ಇಂಗ್ಲಿಷಿನವರ ಹಾಗೆ ಆಡುವುದಿಲ್ಲ, ನುಡಿಸುತ್ತೇವೆ. ಅದಕ್ಕೇ ಶುರುವಿನ ಬಟನ್ ಮೇಲೆ "ಪ್ಲೇ ಮಾಡಿ" ಅಂತ ಬರೆದರೆ ಕಿವಿಗೆ ಚುಚ್ಚುತ್ತದೆ. "ಆಡೋಣ ಬಾ" ಅಂತ ಹಾಕಿ.

ಉತ್ತರ 2: ಕವಡೆ, ಶಿವಮೊಗ್ಗ

ಗರದ ತೊಂದರೆ ಎಲ್ಲಿದೆ ಅಂತ ನೋಡದೆಯೇ ಹೇಳಬಹುದು. 1, 2, 3, 4, 8 ಈ ಐದು ಎಣಿಕೆಗಳಲ್ಲಿ ಯಾವುದೋ ಒಂದನ್ನು ಸಮಸಮವಾಗಿ ಆರಿಸುವಂತೆ ಬರೆದಿದ್ದಾರೆ. ಹಾಗೆ ಮಾಡಿದರೆ ನಾಲ್ಕೋ ಎಂಟೋ ಬೀಳುವುದು 100ಕ್ಕೆ 40 ಸಲ. ಎರಡಕ್ಕೂ ಇನ್ನೊಂದು ಆಟ ಉಂಟಲ್ಲ, ಒಬ್ಬರೇ ಆಡುತ್ತ ಕೂರುವುದು ಅದರಿಂದ.

ಕವಡೆಯಲ್ಲಿ ಹಾಗಾಗುವುದಿಲ್ಲ. ನಾಲ್ಕು ಕವಡೆ, ಪ್ರತಿಯೊಂದೂ ಅಂಗಾತ ಅಥವಾ ಬೋರಲು, ಒಟ್ಟು 16 ಬಗೆ. ಒಂದೇ ಅಂಗಾತ ಬೀಳುವುದು 16ರಲ್ಲಿ 4 ಬಗೆ, ಎರಡು ಬೀಳುವುದು 6, ಮೂರು ಬೀಳುವುದು 4. ನಾಲ್ಕೂ ಅಂಗಾತ ಬಿದ್ದು ಚೌಕ ಆಗುವುದು 1, ನಾಲ್ಕೂ ಬೋರಲು ಬಿದ್ದು ಬಾರ ಆಗುವುದು 1. ಅಂದರೆ ಮತ್ತೊಂದು ಆಟ ಸಿಗುವುದು 16ಕ್ಕೆ ಎರಡು ಸಲ, ನೂರಕ್ಕೆ ಹನ್ನೆರಡೂವರೆ. ಅಷ್ಟು ಅಪರೂಪ ಆದ್ದರಿಂದಲೇ ಬಾರ ಬಿದ್ದಾಗ ಕೂಗುತ್ತಾರೆ. ಪ್ರೋಗ್ರಾಮಿನಲ್ಲಿ ನಾಲ್ಕು ಕವಡೆಯನ್ನು ಬೇರೆಬೇರೆಯಾಗಿ ಹಾಕಿಸಿ ಅಂಗಾತ ಬಿದ್ದವನ್ನು ಎಣಿಸಲಿ. ಸೊನ್ನೆ ಬಂದರೆ 8 ಅನ್ನಲಿ. ಅಷ್ಟೇ ತಿದ್ದುಪಡಿ.

ನಿಜವಾದ ಕವಡೆಗಳು ಸಮತೂಕ ಇರುವುದಿಲ್ಲ. ಅಂಗಾತ ಬೀಳುವುದು ನೂರಕ್ಕೆ 50ರ ಬದಲು 40 ಸಲ ಆಯಿತು ಅಂತಿಟ್ಟುಕೊಳ್ಳಿ. ಆಗ ಚೌಕ ನೂರಕ್ಕೆ ಎರಡೂವರೆ ಸಲ, ಬಾರ ಸುಮಾರು 13 ಸಲ. ಸಣ್ಣ ವಾಲಿಕೆ ಕೂಡ ಐದು ಪಟ್ಟು ಅಂತರ ತರುತ್ತದೆ. ಶಾಲೆಯಲ್ಲಿ ಹುಣಸೆ ಬೀಜ ಬಳಸುವುದಾದರೆ ಇದನ್ನು ನೋಡಲೇಬೇಕು. ದಪ್ಪನೆಯ, ಒಂದೇ ಅಳತೆಯ ಬೀಜ ಆರಿಸಿ, ನೀರು ಚಿಮುಕಿಸಿದ ಒರಟು ಕಲ್ಲಿನ ಮೇಲೆ ಒಂದೇ ಮಗ್ಗುಲನ್ನು ಉಜ್ಜಬೇಕು. ಕಂದು ಸಿಪ್ಪೆ ಹೋಗಿ ಬಿಳುಪು ಪೂರ್ತಿ ಕಂಡ ಕೂಡಲೇ ನಿಲ್ಲಿಸಿ. ಹೆಚ್ಚು ಉಜ್ಜಿದರೆ ಚಪ್ಪಟೆಯಾಗಿ ಒಂದೇ ಮಗ್ಗುಲಿಗೆ ಬೀಳುತ್ತದೆ. ನಾಲ್ಕನ್ನೂ ಸೇರಿಸಿ 40 ಸಲ ಹಾಕಿ, ಬಿಳಿ ಬಿದ್ದದ್ದು ಎಣಿಸಿ. ಒಟ್ಟು 160ರಲ್ಲಿ 80ರ ಆಸುಪಾಸು ಇರಬೇಕು. 60ಕ್ಕಿಂತ ಕಡಿಮೆ ಅಥವಾ 100ಕ್ಕಿಂತ ಹೆಚ್ಚು ಬಂದರೆ ಬೀಜ ಬದಲಿಸಿ. ಆರನೇ, ಏಳನೇ ತರಗತಿಯವರಿಗೆ ಇದೇ ಒಳ್ಳೆ ಗಣಿತದ ಪಾಠ.

ನಡೆಯ ದಾರಿಯನ್ನೂ ಒಮ್ಮೆ ಎಣಿಸಿ ನೋಡಿ, ಪುಸ್ತಕಗಳಲ್ಲಿ ಇದು ತಪ್ಪುವುದು ಜಾಸ್ತಿ. 25 ಮನೆಯಲ್ಲಿ ಹೊರಸುತ್ತು 16, ಒಳಸುತ್ತು 8, ನಡುವೆ 1. ನಿಮ್ಮ ಮಗ್ಗುಲಿನ ನಡುವಿನ ಕಟ್ಟೆಯಿಂದ ಹೊರಟು ಬಲಕ್ಕೆ, ಗಡಿಯಾರಕ್ಕೆ ಎದುರಾಗಿ ಹೊರಸುತ್ತಿನಲ್ಲಿ 15 ಮನೆ. ಹೊರಟ ಕಟ್ಟೆಯ ಎಡಗಡೆ ಪಕ್ಕದ ಮನೆಗೆ ಬಂದಾಗ ಹೊರಸುತ್ತು ಮುಗಿಯಿತು. ಅಲ್ಲಿಂದ ಒಳಕ್ಕೆ ತಿರುಗಿ, ಈಗ ಗಡಿಯಾರದ ದಿಕ್ಕಿನಲ್ಲಿ 8 ಮನೆ, ಆಮೇಲೆ ನಡುಮನೆ. ಒಟ್ಟು 24 ನಡೆ. ಒಳಸುತ್ತಿನ ದಿಕ್ಕು ತಿರುಗಿಸಲು ಮರೆತರೆ ಕಾಯಿ ನಡುಮನೆಗೆ ಹೋಗುವುದು ನಿಮ್ಮ ಮಗ್ಗುಲಿನಿಂದ ಆಗದೆ ಎಡ ಮಗ್ಗುಲಿನಿಂದ ಆಗಿಬಿಡುತ್ತದೆ. ಚಿತ್ರದಲ್ಲಿ ಬಾಣ ಹಾಕುವವರು ಇಲ್ಲೇ ಎಡವುತ್ತಾರೆ.

ಚೆನ್ನೆಮಣೆಗೆ ಹಲಸಿನ ಮರದ ಮಣೆ ಕೊರೆಸುವುದು ದುಬಾರಿ. ಅಡಿಕೆ ಹಾಳೆಯ ಮೂರಿಂಚಿನ ಬಟ್ಟಲು 14 ತೆಗೆದುಕೊಂಡು, 24 ಇಂಚು ಉದ್ದ, 7 ಇಂಚು ಅಗಲದ ಹಲಗೆಗೆ ಎರಡು ಸಾಲಾಗಿ ಕೂರಿಸಿ. ಬಿಳಿ ಗೋಂದು ಮಳೆಗಾಲದ ತೇವಕ್ಕೆ ಬಿಟ್ಟುಕೊಳ್ಳುತ್ತದೆ, ಪ್ರತಿ ಬಟ್ಟಲಿನ ತಳಕ್ಕೆ ಚಪ್ಪಟೆ ತಲೆಯ ಸಣ್ಣ ಸ್ಕ್ರೂ ಹೊಡೆಯಿರಿ. ಹಾಳೆಗೆ ಬೂಷ್ಟು ಹಿಡಿಯುತ್ತದೆ, ಒಣಗಿದ ಬಟ್ಟೆಯಲ್ಲಿ ಒರೆಸಿ ಬೆಚ್ಚಗಿನ ಜಾಗದಲ್ಲಿಡಬೇಕು. ಕುಳಿಗೆ 4ರಂತೆ 56 ಕಾಳು. 5ರಂತೆ 70 ಇಟ್ಟು ಆಡುವವರೂ ಇದ್ದಾರೆ. ಒಂದು ಕುಳಿಯದ್ದನ್ನು ಎತ್ತಿ ಮುಂದಿನ ಕುಳಿಗಳಿಗೆ ಒಂದೊಂದಾಗಿ ಬಿಡುತ್ತ ಹೋಗುವುದು, ಕೈ ಖಾಲಿಯಾದಾಗ ಅದರ ಮುಂದಿನ ಕುಳಿಯದ್ದನ್ನು ಎತ್ತುವುದು. ಆ ಮುಂದಿನದು ಖಾಲಿಯಿದ್ದರೆ ಅದರಾಚೆಯ ಕುಳಿಯಲ್ಲಿದ್ದದ್ದು ನಿಮಗೆ. ಹೊಸಬರು ಕೊನೆಯ ಕಾಳು ಬಿದ್ದ ಕುಳಿಯನ್ನೇ ಎತ್ತಿಬಿಡುತ್ತಾರೆ. "ಬಿಟ್ಟ ಕುಳಿ ಅಲ್ಲ, ಮುಂದಿನ ಕುಳಿ" ಅಂತ ಪುಸ್ತಕದಲ್ಲಿ ದಪ್ಪಕ್ಷರದಲ್ಲಿ ಹಾಕಿ. ನಾಲ್ಕು ಕಾಳು ಕೂಡಿದ ಕುಳಿಗೆ ತಮಿಳರ ಪಲ್ಲಾಂಗುಳಿಯಲ್ಲಿ ಪಸು ಅನ್ನುತ್ತಾರೆ. ನಿಮ್ಮ ಊರಿನವರು ಹಸು ಅನ್ನುತ್ತಾರೋ ಕರು ಅನ್ನುತ್ತಾರೋ ಕೇಳಿ ಬರೆದುಕೊಳ್ಳಿ.

ಹುಲಿ-ಕುರಿ ಸುಲಭ. 23 ಬಿಂದು, 3 ಹುಲಿ, 15 ಕುರಿ. 15 ಕುರಿಯನ್ನೂ ಇಡುವ ತನಕ ಯಾವ ಕುರಿಯೂ ಅಲ್ಲಾಡುವ ಹಾಗಿಲ್ಲ. ಹುಲಿ ಕುರಿಯ ಮೇಲೆ ಹಾರಿ ತಿನ್ನುತ್ತದೆ, ಮೂರೂ ಹುಲಿಗೆ ದಾರಿ ಕಟ್ಟಿದರೆ ಕುರಿಯವರು ಗೆದ್ದರು.

ಟೀಚರ್, ಹೊಸನಗರ

ಜಗಲಿಯವರೇ, ಕವಡೆಯವರೇ, ತುಂಬ ಉಪಕಾರವಾಯಿತು. ಗರದ ಲೆಕ್ಕ ನೀವು ಹೇಳಿದಂತೆಯೇ ತಪ್ಪಿತ್ತು, ಐದರಲ್ಲಿ ಒಂದನ್ನು ಆರಿಸುತ್ತಿತ್ತು. ಒಳಸುತ್ತಿನ ಬಾಣವೂ ಉಲ್ಟಾ ಇತ್ತು. ಫೋನಿನಲ್ಲಿ "ಕಟ್ಟೆ", "ಹಣ್ಣು" ಒಡೆಯುವುದಕ್ಕೆ ಏನು ಮಾಡಲಿ? ಇನ್ನೊಂದು, ಆಡುವವರ ಹೆಸರು ಬಂದಾಗ "ರಮೇಶಗೆ", "ಸೀತಾನಿಗೆ" ಅಂತೆಲ್ಲ ತೋರಿಸುತ್ತದೆ, "ಸೀತಾ ಗೆದ್ದನು" ಅಂತಲೂ ಬಂತು.

ಉತ್ತರ 3: ಒತ್ತಕ್ಷರ, ಸಾಗರ

ಎರಡೂ ಕನ್ನಡದ ಆಟ ಮಾಡುವವರೆಲ್ಲ ಮುಗ್ಗರಿಸುವ ಜಾಗಗಳು. ಎರಡಕ್ಕೂ ದಾರಿ ಇದೆ.

ಮೊದಲು ಅಕ್ಷರ. ಕನ್ನಡದ ಫಾಂಟ್ ಹಾಕಿದ ಮಾತ್ರಕ್ಕೆ ಒತ್ತು ಕೂಡಿಕೊಳ್ಳುವುದಿಲ್ಲ. ಕ, ವಿರಾಮ (ಅಕ್ಷರದ ಸ್ವರ ತೆಗೆಯುವ ಚಿಹ್ನೆ), ಕ ಅನ್ನುವ ಮೂರು ಸಂಕೇತಗಳನ್ನು ನೋಡಿ "ಕ್ಕ" ಅನ್ನುವ ಆಕಾರ ಜೋಡಿಸುವ ಕೆಲಸವನ್ನು ಇನ್ನೊಂದು ತಂತ್ರಾಂಶ ಮಾಡಬೇಕು. ಬ್ರೌಸರ್‌ಗಳು ಅದನ್ನು ಮಾಡುತ್ತವೆ. ಆಟ ಕಟ್ಟುವ ತಂತ್ರಾಂಶ ಗೋಡೋ 4ರಲ್ಲಿ ಅದಕ್ಕೆ ಬೇಕಾದ ಜೋಡಣೆಯ ತಂತ್ರಾಂಶ ಹಾರ್ಫ್‌ಬಝ್ ಒಳಗೇ ಇದೆ. ಅಂಥದೇ ಇನ್ನೊಂದಾದ ಯೂನಿಟಿಯಲ್ಲಿ ಅಕ್ಷರ ತೋರಿಸುವ ಟೆಕ್ಸ್ಟ್‌ಮೆಶ್ ಪ್ರೊ ಮಾತ್ರ ಅಕ್ಷರಗಳನ್ನು ಪಕ್ಕಪಕ್ಕ ಇಡುತ್ತದೆಯೇ ಹೊರತು ಜೋಡಿಸುವುದಿಲ್ಲ. ನಿಮ್ಮದು ಅದರಲ್ಲಿದ್ದರೆ ಫಾಂಟ್ ಬದಲಿಸುತ್ತ ದಿನ ಕಳೆಯಬೇಡಿ, ಫಾಂಟಿನ ತಪ್ಪಲ್ಲ ಅದು. ಚೌಕಾಬಾರದಂಥ ಚಿಕ್ಕ ಆಟವನ್ನು ಬ್ರೌಸರ್‌ನಲ್ಲಿ ಓಡುವ ಪುಟವಾಗಿಯೇ ಮಾಡುವುದು ವಾಸಿ. ಪುಟ ಒಮ್ಮೆ ಫೋನಿನಲ್ಲಿ ಉಳಿಯುವಂತೆ ಮಾಡಿಟ್ಟರೆ ನೆಟ್‌ವರ್ಕ್ ಇಲ್ಲದಾಗಲೂ ಆಡಬಹುದು, ಮಳೆಗಾಲದಲ್ಲಿ ನಮಗೆ ಅದು ಮುಖ್ಯ.

ಪರೀಕ್ಷೆಗೆ "ಹಣ್ಣು, ಕಟ್ಟೆ, ಅಷ್ಟ, ಸ್ತ್ರೀ, ಸೂರ್ಯ" ಈ ಐದು ಪದ ಸಾಕು. "ಸೂರ್ಯ"ದಲ್ಲಿ ಅರ್ಕಾವತ್ತು ಯಕಾರದ ಬಲಕ್ಕೆ ಬರಬೇಕು. ರ್ ಅನ್ನುವುದು ಯಕಾರಕ್ಕಿಂತ ಮೊದಲೇ ಬಿಡಿಯಾಗಿ ನಿಂತಿದ್ದರೆ ಜೋಡಣೆ ನಡೆಯುತ್ತಿಲ್ಲ ಅಂತ. ಸಾಲುಗಳ ನಡುವಿನ ಅಂತರ ಅಕ್ಷರದ ಎತ್ತರದ ಒಂದೂವರೆ ಪಟ್ಟು ಇಡಿ. ಇಂಗ್ಲಿಷಿನ ಅಳತೆಯಲ್ಲೇ ಬಿಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಬಟನ್ನಿನ ಕೆಳಅಂಚಿನಲ್ಲಿ ಒತ್ತು ಕತ್ತರಿಸಿಹೋಗುವುದೂ ಇದರಿಂದಲೇ.

ಮಾತು ಒಂದೊಂದಕ್ಷರವಾಗಿ ಮೂಡುವಂಥ ಚಮತ್ಕಾರ ಇದ್ದರೆ ತೆಗೆದುಬಿಡಿ, ಇಲ್ಲವೇ ಸರಿಯಾಗಿ ಮಾಡಿ. "ಸ್ತ್ರೀ" ನಮ್ಮ ಕಣ್ಣಿಗೆ ಒಂದಕ್ಷರ, ಯಂತ್ರಕ್ಕೆ ಆರು ಸಂಕೇತ. ಸಂಕೇತಕ್ಕೊಂದರಂತೆ ಮೂಡಿಸಿದರೆ ಸ, ಸ್, ಸ್ತ, ಸ್ತ್ ಅಂತ ಮಿಣುಕುತ್ತ ಬರುತ್ತದೆ. ಓದು ಕಲಿಯುತ್ತಿರುವ ಮಗುವಿಗೆ ಇದಕ್ಕಿಂತ ಕೆಟ್ಟದ್ದಿಲ್ಲ. ಅಕ್ಷರ ಬಿಡಿಸುವ ಸಿದ್ಧ ಸಾಧನಗಳೂ ಕನ್ನಡದಲ್ಲಿ ವಿರಾಮದ ನಂತರ ಕತ್ತರಿಸಿ "ಕ್ಕೆ"ಯನ್ನು "ಕ್" ಮತ್ತು "ಕೆ" ಮಾಡಿಬಿಡುತ್ತವೆ. ಅದರ ಮೇಲೊಂದು ನಿಯಮ ಸೇರಿಸಿ: ವಿರಾಮದ ಬೆನ್ನಿಗೆ ವ್ಯಂಜನ ಬಂದರೆ ಕತ್ತರಿಸಬಾರದು. "ರಾಜ್‌ಕುಮಾರ್" ಥರದ ಪದದಲ್ಲಿ ವಿರಾಮದ ನಂತರ ಕಣ್ಣಿಗೆ ಕಾಣದ ಬೇರ್ಪಡಿಕೆ ಚಿಹ್ನೆ ಇರುತ್ತದೆ, ಅಲ್ಲಿ ಮಾತ್ರ ಕತ್ತರಿಸಬಹುದು. ಪದಬಂಧ ಮಾಡುವವರಿಗೂ ಇದೇ ಲೆಕ್ಕ. ಪತ್ರಿಕೆಯ ಪದಬಂಧದಲ್ಲಿ ಒಂದು ಚೌಕಕ್ಕೆ ಒತ್ತು, ಕಾಗುಣಿತ ಎಲ್ಲ ಸೇರಿದ ಒಂದು ಅಕ್ಷರ ಕೂರುತ್ತದಲ್ಲ, ಹಾಗೆ.

ಇನ್ನು ಹೆಸರು. ಇಂಗ್ಲಿಷಿನಲ್ಲಿ ಹೆಸರಿನ ಜಾಗ ಖಾಲಿ ಬಿಟ್ಟು ಯಾರನ್ನು ಬೇಕಾದರೂ ತುಂಬಬಹುದು. ಕನ್ನಡದಲ್ಲಿ ವಿಭಕ್ತಿ ಹೆಸರಿಗೇ ಅಂಟುತ್ತದೆ, ಪ್ರತಿ ಹೆಸರಿಗೂ ಬೇರೆ ಥರ: ರಮೇಶನಿಗೆ, ಸೀತೆಗೆ, ರವಿಗೆ, ಗುರುವಿಗೆ, ಜಾನ್‌ಗೆ. ಕ್ರಿಯಾಪದಕ್ಕೆ ಲಿಂಗವೂ ಬೇಕು. ಇದನ್ನೆಲ್ಲ ಪ್ರೋಗ್ರಾಮಿಗೆ ಕಲಿಸಹೊರಟರೆ ಮುಗಿಯುವುದಿಲ್ಲ. ವಾಕ್ಯವನ್ನೇ ಬೇರೆ ಥರ ಕಟ್ಟಿ. ಮಾತು ಆಡುವವರ ಬಗ್ಗೆ ಬೇಡ, ಕಾಯಿಯ ಬಗ್ಗೆ ಇರಲಿ. ಹಳೆಯ ಪದ್ಧತಿಯಲ್ಲಿ ಒಬ್ಬೊಬ್ಬರ ಕಾಯಿ ಒಂದೊಂದು ವಸ್ತು: ಒಬ್ಬರದು ಹುಣಸೆ ಬೀಜ, ಒಬ್ಬರದು ಬಳೆಚೂರು, ಒಬ್ಬರದು ಕಲ್ಲು, ಒಬ್ಬರದು ಅಡಿಕೆ. ಮಕ್ಕಳು ವಸ್ತು ಆರಿಸಿಕೊಳ್ಳಲಿ. ಆಗ "ಬಳೆಚೂರು ಕಟ್ಟೆಗೆ ಬಂತು", "ಕಲ್ಲು ಹುಣಸೆ ಬೀಜವನ್ನು ಕಡೀತು". ಎಲ್ಲವೂ ನಪುಂಸಕಲಿಂಗ, ಗಂಡು ಹೆಣ್ಣಿನ ತಕರಾರಿಲ್ಲ, ವಿಭಕ್ತಿ ಬೇಕಾದರೆ ನಾಲ್ಕೇ ಪದಕ್ಕೆ ಕೈಯಲ್ಲೇ ಬರೆದಿಡಬಹುದು. "ಅಡಿಕೆ ಹಣ್ಣಾಯ್ತು" ಅಂತ ಬಂದಾಗ ನಮ್ಮ ಕಡೆಯ ಮಕ್ಕಳ ಮುಖ ಅರಳುತ್ತದೆ, ತೋಟದಲ್ಲಿ ದಿನಾ ಕೇಳುವ ಮಾತು ಅದು. ಹೆಸರು ತೋರಿಸಲೇಬೇಕಾದಲ್ಲಿ ಅದಕ್ಕೆ ಏನನ್ನೂ ಅಂಟಿಸದೆ "ಗೆದ್ದವರು: ಸೀತಾ" ಅಂತ ಬಿಡಿಯಾಗಿ ಇಡಿ.

ಬಹುವಚನವನ್ನೂ ಇಂಗ್ಲಿಷಿನಿಂದ ತರಬೇಡಿ. "3 ಮನೆಗಳನ್ನು ಚಲಿಸಿ" ಅಲ್ಲ, "3 ಮನೆ ನಡೆ". ಮನುಷ್ಯರನ್ನು ಎಣಿಸುವಾಗ ಮಾತ್ರ ಇಬ್ಬರು, ಮೂವರು, ನಾಲ್ವರು ಬೇಕು. "2 ಆಟಗಾರ" ಅಂತ ಬರೆದರೆ ಯಾರೂ ಒಪ್ಪುವುದಿಲ್ಲ.

ಕೊನೆಯದಾಗಿ, ಪುಸ್ತಕ ಅಚ್ಚಿಗೆ ಹೋಗುವಾಗ ಡಿಟಿಪಿಯವರು ನುಡಿ ಅನ್ನುವ ಟೈಪಿಂಗ್ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ಟೈಪ್ ಮಾಡಿದ್ದರೆ ಆ ಪಠ್ಯವನ್ನು ಫೋನಿಗೆ ನೇರ ಅಂಟಿಸಲು ಬರುವುದಿಲ್ಲ, ಯೂನಿಕೋಡ್‌ಗೆ ಪರಿವರ್ತಿಸಬೇಕು. ಪರಿವರ್ತಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ಓದಿ. ಮೂಲವನ್ನು ಯೂನಿಕೋಡ್‌ನಲ್ಲೇ ಇಟ್ಟುಕೊಂಡು ಅಲ್ಲಿಂದ ಅಚ್ಚಿಗೆ ಕೊಡುವುದು ಸುಲಭ.

ಉತ್ತರ 4: ವರದಾ ದಂಡೆ, ಸೊರಬ

ಎಲ್ಲ ಸರಿ, ಆದರೆ ಯಾವ ಪದ ಅಚ್ಚು ಹಾಕಿಸುವುದು ಅನ್ನುವುದಕ್ಕೆ ಯಾರೂ ನೇರ ಉತ್ತರ ಕೊಡಲಿಲ್ಲ. ನನ್ನ ಅಭಿಪ್ರಾಯ ಇಷ್ಟು. ಆಟದ ಹೆಸರಿಗೆ ಒಂದೇ ಪದ ಗೊತ್ತುಮಾಡಬೇಡಿ. ಚೌಕಾಬಾರ ಅನ್ನುವವರು ಇದ್ದಾರೆ, ಕಟ್ಟೆಮನೆ ಅನ್ನುವವರು ಇದ್ದಾರೆ. ಚೆನ್ನೆಮಣೆಯೇ ಬಯಲುಸೀಮೆಗೆ ಹೋದರೆ ಅಳಗುಳಿಮಣೆ. ಶಾಲೆಯ ಸುತ್ತಲಿನ ಊರಿನ ಹೆಸರು ದೊಡ್ಡಕ್ಷರದಲ್ಲಿ, ಉಳಿದವು ಅದರ ಕೆಳಗೆ ಇರಲಿ. ಆದರೆ ಕ್ರಿಯೆಗಳಿಗೆ, ಅಂದರೆ ನಡೆ, ಕಡಿ, ಹಣ್ಣು, ಕಟ್ಟೆ, ಗರ, ಇವಕ್ಕೆ ಪುಸ್ತಕದುದ್ದಕ್ಕೂ ಒಂದೊಂದೇ ಪದ ಇರಬೇಕು. ಒಂದು ಪುಟದಲ್ಲಿ ಕಡಿ, ಇನ್ನೊಂದರಲ್ಲಿ ಹೊಡಿ ಅಂತ ಬಂದರೆ ಮಗು ಎರಡು ಬೇರೆ ಕೆಲಸ ಅಂದುಕೊಳ್ಳುತ್ತದೆ.

ಪ್ರತಿ ಆಟದ ಕೊನೆಗೆ ಅರ್ಧ ಪುಟ ಖಾಲಿ ಬಿಟ್ಟು "ನಮ್ಮನೆ ಕಟ್ಟಳೆ" ಅಂತ ತಲೆಬರಹ ಹಾಕಿ. ಮನೆಯಲ್ಲಿ ಬೇರೆ ಥರ ಆಡುವವರು ಅಲ್ಲಿ ಬರೆದುಕೊಳ್ಳಲಿ. ಉರ್ದು, ಕೊಂಕಣಿ, ತುಳು, ಲಂಬಾಣಿ ಮಕ್ಕಳ ಪ್ರಶ್ನೆಗೂ ಅದೇ ಜಾಗ. ನೀವು ಅನುವಾದ ಮಾಡಿ ಕೊಡಬೇಡಿ. ಆ ಭಾಷೆಯ ಆಟದ ಪದ ನಿಘಂಟಿನಲ್ಲಿ ಸಿಗುವುದಿಲ್ಲ, ಮಗುವಿನ ಮನೆಯಲ್ಲಿ ಸಿಗುತ್ತದೆ. ಕನ್ನಡ ಅಕ್ಷರದಲ್ಲೇ ಬರೆದು ತರಲಿ, ತರಗತಿಯಲ್ಲಿ ಎಲ್ಲರೂ ಆ ಪದ ಹಾಕಿಕೊಂಡು ಒಂದು ಆಟ ಆಡಲಿ.

ಆಟದ ಪದಗಳು ಭಾಷೆಯ ಗಡಿಯನ್ನು ಎಷ್ಟು ಸಲೀಸಾಗಿ ದಾಟುತ್ತವೆ ಅನ್ನುವುದಕ್ಕೆ ಚಿನ್ನಿದಾಂಡು ನೋಡಿ. ಮರಾಠಿಯವರ ವಿಟಿದಾಂಡುವಿನಲ್ಲಿ ಎಣಿಕೆ ಮರಾಠಿಯದ್ದಲ್ಲ: ವಕಟ್, ಲೇಂಡ್, ಮುಂಡ್, ನಾಲ್. ಒಕಟಿ, ರೆಂಡು, ಮೂಡು, ನಾಲುಗು ಅನ್ನುವ ತೆಲುಗಿನ ಎಣಿಕೆ ಅಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಆಡುವ ಮಕ್ಕಳಿಗೆ ಅದು ಬೇರೆ ಭಾಷೆಯ ಸಂಖ್ಯೆ ಅನ್ನುವ ಪರಿವೆಯೇ ಇಲ್ಲ, ಅದು ಆಟದ ಮಾತು ಅಷ್ಟೇ. ಕಬಡ್ಡಿಯಲ್ಲಂತೂ ಪದವೇ ಗಡಿಯಾರ. ಒಂದೇ ಉಸಿರಿನಲ್ಲಿ ಅದನ್ನು ಹೇಳುತ್ತಿರಬೇಕು, ನಿಂತರೆ ಔಟ್. ಮಹಾರಾಷ್ಟ್ರದಲ್ಲಿ ಹುತೂತು, ತಮಿಳುನಾಡಿನಲ್ಲಿ ಸಡುಗುಡು, ಬಂಗಾಳದಲ್ಲಿ ಹಾಡುಡು. ಪದ ಬದಲಾದರೂ ಎಲ್ಲವೂ ನಿಲ್ಲಿಸದೆ ಉರುಳಿಸಿಕೊಂಡು ಹೋಗಲು ಬರುವಂಥವೇ.

ಉತ್ತರ 5: ಜಗಲಿ, ತೀರ್ಥಹಳ್ಳಿ

ಸೊರಬದವರ "ನಮ್ಮನೆ ಕಟ್ಟಳೆ" ನನಗೂ ಒಪ್ಪಿಗೆ. ಪುಸ್ತಕದಲ್ಲಿ ಒಂದು ಪುಟ ಉಳಿದರೆ ಮಣೆ, ಕಾಯಿ ಏನೂ ಬೇಡದ ಪದದಾಟ ಒಂದು ಸೇರಿಸಿ. ಕೊನೆಯ ಅಕ್ಷರದಿಂದ ಮುಂದಿನ ಪದ ಹೇಳುವ ಅಂತ್ಯಾಕ್ಷರಿ. ಕನ್ನಡದಲ್ಲಿ ಇದಕ್ಕೆ ಮೊದಲೇ ಮೂರು ಒಪ್ಪಂದ ಆಗಬೇಕು, ಇಲ್ಲದಿದ್ದರೆ ಐದು ನಿಮಿಷಕ್ಕೆ ಆಟ ನಿಲ್ಲುತ್ತದೆ. ಳ, ಣ ಅಕ್ಷರದಿಂದ ಪದ ಶುರುವಾಗುವುದಿಲ್ಲ, ಹಾಗಾಗಿ "ಮಳೆ" ಅಂತ ಮುಗಿದರೆ ಲ, "ಹಣ" ಅಂತ ಮುಗಿದರೆ ನ. ಒತ್ತಕ್ಷರದಲ್ಲಿ ಮುಗಿದರೆ ಕೆಳಗಿನ ಒತ್ತನ್ನು ಹಿಡಿಯಬೇಕು: "ಅಕ್ಷರಸ್ಥ" ಅಂದರೆ ಥ ಅಲ್ಲವೇ, ಅದು ಕಷ್ಟ ಅನ್ನಿಸಿದರೆ ತ ಅಂತ ಒಪ್ಪಿಕೊಳ್ಳಿ. ಸ್ವರ ಲೆಕ್ಕಕ್ಕೆ ಬೇಡ, ವ್ಯಂಜನ ಮಾತ್ರ. "ಮನೆ"ಯಿಂದ ನೆಲ್ಲಿಯೂ ಆಗಬಹುದು, ನವಿಲೂ ಆಗಬಹುದು. ಎಷ್ಟು ಬಿಗಿ ಮಾಡುತ್ತೀರಿ ಅನ್ನುವುದು ತರಗತಿಯ ಮೇಲೆ. ನಾಲ್ಕನೇ ತರಗತಿಗೆ ಸಡಿಲ ಬಿಡಿ, ಏಳನೆಯವರಿಗೆ ಕಾಗುಣಿತವನ್ನೂ ಹಿಡಿಯಿರಿ.

ದೊಡ್ಡ ಮಕ್ಕಳಿದ್ದರೆ ತಾಳಮದ್ದಳೆಯ ಸಣ್ಣ ರೂಪವನ್ನೂ ಮಾಡಿಸಬಹುದು. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಮಾತು. ಪದ್ಯದಲ್ಲಿ ಇರುವ ಸಂಗತಿಯನ್ನು ಮೀರುವ ಹಾಗಿಲ್ಲ, ಅದರೊಳಗೆ ಎಷ್ಟು ಬೇಕಾದರೂ ವಾದ ಹೂಡಬಹುದು, ಎದುರಿನವರು ಅಲ್ಲೇ ಉತ್ತರ ಕಟ್ಟಬೇಕು. ಆಡು ಅನ್ನುವ ಪದದ ಎರಡೂ ಅರ್ಥ ಒಟ್ಟಿಗೆ ಬರುವ ಜಾಗ ಅದು. ಒಬ್ಬೊಬ್ಬರಿಗೆ ಎರಡು ನಿಮಿಷ ಕೊಟ್ಟರೆ ಒಂದು ಪಿರಿಯಡ್‌ನಲ್ಲಿ ಮುಗಿಯುತ್ತದೆ.

ಉತ್ತರ 6: ಕವಡೆ, ಶಿವಮೊಗ್ಗ

ಮುಖ್ಯವಾದದ್ದೊಂದು ಬಿಟ್ಟುಹೋಗಿತ್ತು, ಅದಕ್ಕೇ ಮತ್ತೆ ಬರೆಯುತ್ತಿದ್ದೇನೆ. ಚೆನ್ನೆಮಣೆಗೆ ಕಾಳು ಆರಿಸುವಾಗ ಚಂದ ಅಂತ ಗುಲಗಂಜಿ ತರಬೇಡಿ. ಕೆಂಪು ಮೈ, ಕಪ್ಪು ಚುಕ್ಕೆಯ ಆ ಬೀಜ ವಿಷ. ಜಗಿದು ನುಂಗಿದರೆ ಪ್ರಾಣಕ್ಕೆ ಅಪಾಯ. ಮನೆಯ ಹಳೆಯ ಡಬ್ಬಿಯಿಂದ ಮಕ್ಕಳು ತಂದರೂ ತೆಗೆದಿರಿಸಿ. ಚುಕ್ಕೆಯಿಲ್ಲದ, ಪೂರ್ತಿ ಕೆಂಪಾದ ಮಂಜಟ್ಟಿ ಕಾಳು ಬೇರೆ ಮರದ್ದು, ನೋಡಲು ಹತ್ತಿರ ಇರುವುದರಿಂದ ಎರಡೂ ಬೆರೆತಿರುತ್ತವೆ. ಸಣ್ಣ ತರಗತಿಗೆ ಎರಡೂ ಬೇಡ, ಹುಣಸೆ ಬೀಜವೇ ಸಾಕು. 56ರ ಜೊತೆಗೆ ನಾಲ್ಕು ಹೆಚ್ಚಿಗೆ ಹಾಕಿ 60 ಬೀಜ ಒಂದು ಚೀಲದಲ್ಲಿ ಕಟ್ಟಿ, ಚೀಲದ ಮೇಲೆ ಸಂಖ್ಯೆ ಬರೆದಿಡಿ. ಆಟ ಮುಗಿದ ಮೇಲೆ ಎಣಿಸಿ ತುಂಬುವ ಕೆಲಸ ಸೋತವರದು.